ಮೊದಲ ರಿಂಗಿಗೇ ಎತ್ತವ್ವ

ಅವರ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತನ್ನೂ ಒಪ್ಪವಾಗಿ ಕತ್ತರಿಸಿ ಅದೊಂದನ್ನು ಮಗುವಿನಂತೆ ಸಾಕಿದ್ದರು. ರೀಚಾರ್ಜ್ ಕಾರ್ಡಿನ ಬೂದು ಪಟ್ಟಿಯನ್ನು ಅದರಿಂದಲೇ ಕೆರೆದು ನಂಬರು ತೆಗೆಯುತ್ತಿದ್ದರು, ಮೊಬೈಲಿನ ಹಿಂದಿನ ಮುಚ್ಚಳವನ್ನೂ ಅದರಿಂದಲೇ ಎಬ್ಬಿಸುತ್ತಿದ್ದರು. ದಿನವಿಡೀ ಕೆರೆದು ಆ ಉಗುರಿನ ಸಂದಿಯಲ್ಲಿ ಬೂದುಬಣ್ಣ ಕಾಯಂ ಆಗಿ ಕೂತಿತ್ತು. ಯಾರಾದರೂ ನಾಣ್ಯದಿಂದ ಕೆರೆದು ನಂಬರನ್ನೇ ಅಳಿಸಿಕೊಂಡು ಬಂದರೆ, "ಇದೇನು ಸೀದ ಗಡಿಗಿ ತಳ ಏನಪ, ಹಿಂಗ ಕೆರ್ಯಾಕ? ಮೆಲ್ಲಕ ಸವರಬೇಕು" ಎಂದು ಗದರುತ್ತಿದ್ದರು. ಗದರಿ, ಅಳಿದ ಅಂಕಿಯನ್ನು ಬೆಳಕಿಗೆ ಹಿಡಿದು ಹೇಗೋ ಓದಿ ಹಾಕಿಕೊಡುತ್ತಿದ್ದರು.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಜನರ ಕೈಗೆ ಮೊಬೈಲು ಬಂದು, ಟೈಮನ್ನೂ ಅದರಲ್ಲೇ ನೋಡತೊಡಗಿದಾಗ ಗಡಿಯಾರಗಳನ್ನು ಒಂದು ಡಬ್ಬಿಗೆ ತುಂಬಿ ಮೊಬೈಲು ಮಾರಲು ಕೂತರು. ಊರಿಗೆಲ್ಲ ಅವರು ಕಾಕಾ. ನನಗೂ ಕಾಕಾ.

ಗಣಿ ಜೋರಾಗಿದ್ದ ವರ್ಷಗಳು ಅವು. ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದ ಗಾಜಿನ ಕೌಂಟರು ಮಧ್ಯಾಹ್ನಕ್ಕೆ ಮತ್ತೆ ಕೆಂಪು. ಅದಿರಿನ ದುಡ್ಡು ಕೈಗೆ ಬಂದವರು ಬಂದು, "ಇರೋದ್ರಾಗ ತುಟ್ಟೀದು ಯಾವ್ದೈತಿ ತಗೀರಿ" ಎನ್ನುತ್ತಿದ್ದರು. ಬೇರೆ ಅಂಗಡಿಯವರು ಆ ಮಾತಿಗೆ ಕುಣಿದು ಕಪಾಟು ತೆಗೆಯುತ್ತಿದ್ದರು. ಕಾಕಾ ಮಾತ್ರ ಅಲ್ಲಾಡದೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾರ ಜೋಡಿ ಮಾತಾಡಾಕ್ರಿ?"

ಒಮ್ಮೆ ಕೊರಳಲ್ಲಿ ಹೆಬ್ಬೆರಳ ಗಾತ್ರದ ಚಿನ್ನದ ಸರ ಹಾಕಿದ್ದವನೊಬ್ಬ ಸಿಡಿದೆದ್ದ. "ನಿನಗ್ಯಾಕಪ ಅದು?"

"ಮನ್ಯಾರ ಜೋಡಿ ಅಂದ್ರ ಎರಡು ಸಾದಾ ಫೋನು ತಗೋರಿ. ಒಂದ ತುಟ್ಟೀದು ತಗೊಂಡು ನಿಮ್ಮ ಕೈಯಾಗ ನೀವ ಇಟಗೊಂಡ್ರ ಯಾರಿಗೆ ಮಾಡ್ತೀರಿ? ಗ್ವಾಡಿಗೇನು?"

ಅವನು ನಕ್ಕುಬಿಟ್ಟ. ಎರಡು ಸಾದಾ ಫೋನು ಕೊಂಡು ಹೋದ.

ಅವರದೊಂದು ವಿಚಿತ್ರ ಪದ್ಧತಿ ಇತ್ತು. ಭಾನುವಾರ ಅಂಗಡಿ ಮುಚ್ಚಿ, ಮೂರು ಕಂಪನಿಯ ಮೂರು ಸಿಮ್ಮು ಹಾಕಿದ ಮೂರು ಹಳೆಯ ಫೋನುಗಳನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಒಂದು ವಾರ ಕಂಪ್ಲಿ, ಒಂದು ವಾರ ಸಂಡೂರು, ಒಂದು ವಾರ ಹಂಪಿ. ಎಲ್ಲಿ ಯಾವ ಫೋನಿನಲ್ಲಿ ಟವರಿನ ಕಡ್ಡಿ ಎಷ್ಟು ಏಳುತ್ತದೆ ಎಂದು ನೋಡಿ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಳ್ಳುತ್ತಿದ್ದರು. ಹಂಪಿಯಲ್ಲಿ ಒಂದು ಬಂಡೆಯ ಈಚೆ ಮೂರು ಕಡ್ಡಿ, ಆಚೆ ಒಂದೂ ಇಲ್ಲ. ಅದೂ ಅವರ ಕ್ಯಾಲೆಂಡರಿನಲ್ಲಿತ್ತು. "ಕಾಕಾ ಹಂಪಿಗೆ ಹೋಗೋದು ದೇವರಿಗೋ ಟವರಿಗೋ?" ಎಂದು ಓಣಿಯವರು ಕಾಡುತ್ತಿದ್ದರು. ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ನೋಡಲಾರದ್ದನ್ನ ನೋಡೀನಿ ಅನಬಾರದು. ಸುಳ್ಳು ಹೇಳಿ ಮಾರಿದ ಫೋನು ನಾಳೆ ನನ್ನ ಅಂಗಡಿ ಮುಂದ ಬಂದು ಹೊಯ್ಕೊಂತೈತಿ" ಎನ್ನುತ್ತಿದ್ದರು.

ನಾನು ಕಮಲಾಪುರದವಳು. ನನ್ನ ಗಂಡ ಸಂಡೂರಿನ ಕಡೆಯ ಗಣಿಗಳಿಂದ ಅದಿರು ಹೊರುವ ಟಿಪ್ಪರ್ ಓಡಿಸುತ್ತಿದ್ದ. ಬೆಳಕು ಹರಿಯುವ ಮುಂಚೆ ಹೋದರೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿರುತ್ತಿರಲಿಲ್ಲ. ಮಗಳಿಗೆ ಆಗ ನಾಲ್ಕು ವರ್ಷ. ದಿನವೂ ಟಿಪ್ಪರ್ ಮಗುಚಿದ ಸುದ್ದಿ ಕೇಳಿ ಕೇಳಿ ನನ್ನ ಹೊಟ್ಟೆಯೊಳಗೆ ಕಲ್ಲು ಕೂತಿತ್ತು. ಮೊಬೈಲು ಬೇಕೇ ಬೇಕು ಎಂದು ಹಟ ಹಿಡಿದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಅವನು ಎರಡು ದಿನ ತಡೆದ, ಮೂರನೇ ದಿನ ಇಬ್ಬರೂ ಹೊಸಪೇಟೆಗೆ ಹೋದೆವು.

ಹೋದವಳ ಕಣ್ಣು ಗಾಜಿನ ಒಳಗಿದ್ದ ಮಡಚುವ ಕೆಂಪು ಫೋನಿನ ಮೇಲೆ ಬಿತ್ತು. ಅದರಲ್ಲಿ ಕ್ಯಾಮೆರಾ ಇತ್ತು. ಕಾಕಾ ಅದನ್ನು ಹೊರಗೇ ತೆಗೆಯಲಿಲ್ಲ.

"ಯಾರ ಜೋಡಿ ಮಾತಾಡಾಕವ್ವ?"

"ಇವರ ಜೋಡಿ."

"ಇವರು ಎಲ್ಲೆಲ್ಲಿ ತಿರಗ್ತಾರ?"

ಗಂಡ ದಾರಿ ಹೇಳಿದ. ಕಾಕಾ ಕ್ಯಾಲೆಂಡರ್ ತಿರುವಿ, ಇಬ್ಬರಿಗೂ ಒಂದೇ ಕಂಪನಿಯ ಸಿಮ್ಮು, ಎರಡು ಸಾದಾ ಫೋನು ತೆಗೆದಿಟ್ಟರು. ಸಂಡೂರಿನ ತನಕ ಈ ಕಂಪನಿ ಚೆನ್ನಾಗಿ ಹಿಡಿಯುತ್ತದೆ ಎಂದರು. ಆಮೇಲೆ ಗಂಡನ ಮುಖ ನೋಡಿ, "ಗುಡ್ಡದ ಮ್ಯಾಲಿನ ದಾರಿ ನಾನು ನೋಡಿಲ್ಲಪ. ಅಲ್ಲಿ ಹಿಡೀತೈತಿ ಅಂತ ಹೇಳಂಗಿಲ್ಲ" ಎಂದರು. ನೂರೆಂಟು ಸ್ಕೀಮುಗಳಲ್ಲಿ ನಮಗೆ ಆರಿಸಿಕೊಟ್ಟದ್ದು ಮಾತಾಡಲು ಸಿಗುವ ದುಡ್ಡು ಕಡಿಮೆ, ಆದರೆ ಬಹಳ ದಿನ ಕರೆ ಬರುತ್ತಲೇ ಇರುವಂಥದ್ದು. "ಮಾತಾಡೋದು ಮನಿಗೆ ಬಂದು ಮಾತಾಡ್ರಿ. ಫೋನು ಇರೋದು ಅದೀನಿ ಅಂತ ಹೇಳಾಕ."

ಅದನ್ನು ಹೇಳುವ ಬಗೆಯನ್ನೂ ಅವರೇ ಕಲಿಸಿದರು. ಮಿಸ್ ಕಾಲ್. ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಮುಟ್ಟಿದೆ, ಆರಾಮ ಇದ್ದೇನೆ ಎಂದು. ಎತ್ತಬಾರದು, ಎತ್ತಿದರೆ ದುಡ್ಡು ಹೋಗುತ್ತದೆ. ರಿಂಗು ನಿಲ್ಲದೆ ಹೊಡೆದುಕೊಂಡರೆ ಮಾತ್ರ ಎತ್ತಬೇಕು. ಆಗ ನಮ್ಮ ಕಡೆಯ ಟಿಪ್ಪರಿನವರ ಮನೆಗಳೆಲ್ಲ ನಡೆಯುತ್ತಿದ್ದದ್ದೇ ಹೀಗೆ. ಒಲೆಯ ಮುಂದೆ ಕೂತಾಗ ಆ ಒಂದು ರಿಂಗು ಕೇಳಿದರೆ ಸಾಕು, ನನ್ನ ಹೊಟ್ಟೆಯ ಕಲ್ಲು ಇಳಿಯುತ್ತಿತ್ತು. ಮಗಳು, "ಅಪ್ಪ ಮುಟ್ಯಾನ!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಒಂದೂವರೆ ವರ್ಷ ಹಾಗೆ ಸುಖವಾಗಿದ್ದೆವು.

ಆ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಫೋನು ಪಕ್ಕದಲ್ಲೇ ಇತ್ತು. ಒಂದು ರಿಂಗು ಪೂರ್ತಿ ಆಯಿತು, ಇನ್ನೊಂದು ಅರ್ಧಕ್ಕೆ ನಿಂತಿತು. ಕೈ ಹಿಟ್ಟಾಗಿತ್ತು. ಮುಟ್ಟಿದ ಅಂದುಕೊಂಡು, ಸಮಾಧಾನದಿಂದ ಮುಂದಿನ ರೊಟ್ಟಿ ಬಡಿದೆ.

ಅವನು ಗುಡ್ಡದ ತಿರುವಿನಲ್ಲಿ ಮಗುಚಿದ ಟಿಪ್ಪರಿನ ಕೆಳಗಿದ್ದ. ಅದು ದಿನದ ಮೊದಲ ಟ್ರಿಪ್ಪು, ಹಿಂದೆ ಮುಂದೆ ಬೇರೆ ಗಾಡಿ ಇರಲಿಲ್ಲ. ತುಂಬ ಹೊತ್ತಿನ ಮೇಲೆ ಬಂದ ಇನ್ನೊಂದು ಟಿಪ್ಪರಿನವರು ಎಳೆದು ಹಾಕಿಕೊಂಡು ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಜೀವ ಹೋಯಿತು. ಫೋನು ಅವನ ಕೈಯಲ್ಲೇ ಇತ್ತಂತೆ. ಕೊನೆಗೆ ಒತ್ತಿದ ನಂಬರು ನನ್ನದು.

ದಿನಕರ್ಮ ಮುಗಿದು ನೆಂಟರು ಹೋದ ಮಾರನೇ ದಿನ ಹೊಸಪೇಟೆಯ ಬಸ್ಸು ಹತ್ತಿದೆ. ಕಾಕಾನ ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ನನ್ನ ಫೋನನ್ನು ಗಾಜಿನ ಮೇಲೆ ಎಸೆದೆ. ಏನೇನು ಅಂದೆನೋ, ಇವತ್ತು ನೆನೆದರೆ ನಾಚಿಕೆಯಾಗುತ್ತದೆ. "ನಿಮ್ಮ ಮಿಸ್ ಕಾಲು ನನ್ನ ಗಂಡನ್ನ ನುಂಗಿತು. ಎತ್ತಬ್ಯಾಡ ಅಂದೋರು ನೀವು. ನಿಮ್ಮ ಮಾತು ಕೇಳಿ ನಾನು ಎತ್ತಲಿಲ್ಲ. ನಾನು ಯಾಕ ಎತ್ತಲಿಲ್ಲ? ಯಾಕ ಎತ್ತಲಿಲ್ಲ ನಾನು?"

ಗಿರಾಕಿಯೊಬ್ಬ, "ಏನವ್ವ, ಅವರೇನು ಮಾಡ್ಯಾರ..." ಎಂದು ಬಾಯಿ ತೆಗೆದ. ಕಾಕಾ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ಎದ್ದು ನಿಂತು, ತಲೆ ತಗ್ಗಿಸಿ, "ಹೌದವ್ವ. ತಪ್ಪು ನಂದು" ಎಂದರು. ಅಷ್ಟೇ. ಜಗಳಕ್ಕೆ ಬಂದವಳಿಗೆ ಎದುರಾಳಿಯೇ ಇಲ್ಲದಂತಾಯಿತು. ಫೋನನ್ನು ಅಲ್ಲೇ ಬಿಟ್ಟು ಬಂದೆ.

ಮನೆಗೆ ಬಂದ ಮೇಲೆ ನನ್ನ ಗತಿ ಏನಾಗಿತ್ತು ಎಂದು ಬರೆಯುವುದು ಕಷ್ಟ. ಅನ್ನ ಸೇರುತ್ತಿರಲಿಲ್ಲ. ಹಿಟ್ಟಿನ ಡಬ್ಬಿ ಮುಟ್ಟುತ್ತಿರಲಿಲ್ಲ. ಮಗಳು ಬಂದು ಸೆರಗು ಎಳೆದರೆ ದೂಡುತ್ತಿದ್ದೆ. ಎತ್ತಿದ್ದರೆ ಬದುಕುತ್ತಿದ್ದ ಎಂಬ ಒಂದೇ ಮಾತು ತಲೆಯೊಳಗೆ ಗಿರಣಿಯಂತೆ ತಿರುಗುತ್ತಿತ್ತು. ತುಂಗಭದ್ರೆಯ ಕಾಲುವೆ ನಮ್ಮ ಮನೆಯಿಂದ ದೂರವಿಲ್ಲ. ಎರಡು ಸಲ ಅದರ ದಂಡೆಯ ತನಕ ಹೋಗಿ ಬಂದಿದ್ದೆ.

ಒಂದು ಶನಿವಾರ ಸಂಜೆ ಕಾಕಾ ನಮ್ಮ ಮನೆಯ ಕಟ್ಟೆಗೆ ಬಂದು ಕೂತರು. ನಾನು ನೀರು ಕೂಡ ಕೊಡಲಿಲ್ಲ. ಅವರು ನನ್ನ ಫೋನನ್ನು ಕಟ್ಟೆಯ ಮೇಲಿಟ್ಟರು.

"ನಾಳೆ ಹತ್ತು ಗಂಟೆಗೆ ಇದನ್ನ ಕೈಯಾಗ ಹಿಡಕೊಂಡು ಕುಂದ್ರು. ನಾನು ಆ ತಿರುವಿಗೆ ಹೊಂಟೀನಿ. ಅಲ್ಲಿಂದ ಮಾಡ್ತೀನಿ. ಮೊದಲ್ನೇ ರಿಂಗಿಗೇ ಎತ್ತವ್ವ. ಮಾತು ಕೇಳಿಸ್ಲಿಲ್ಲ ಅಂದ್ರ ಜಲ್ದಿ ತಿರುಗಿ ನನಗ ಮಾಡು."

"ಯಾಕ?"

"ಮಾಡವ್ವ. ಇದೊಂದ್ಸಲ ನನ್ನ ಮಾತು ಕೇಳು."

ಮಾರನೇ ದಿನ ಅವರ ಗಿರಾಕಿಯೊಬ್ಬ, ಟಿಪ್ಪರಿನವನೇ, ಅವರನ್ನು ಗುಡ್ಡ ಹತ್ತಿಸಿ ಇಳಿಸಿ ಹೋದನಂತೆ. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ರಿಂಗಾಯಿತು. ಮುಗಿಯುವ ಮುಂಚೆಯೇ ಎತ್ತಿ, "ಕಾಕಾ!" ಎಂದು ಕೂಗಿದೆ. ಆ ಕಡೆ ಏನೂ ಇಲ್ಲ. ಕಟ್. ತಿರುಗಿ ಮಾಡಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಹೆಂಗಸಿನ ದನಿ. ಸ್ವಲ್ಪ ಹೊತ್ತಿಗೆ ಮತ್ತೆ ರಿಂಗು. ಮತ್ತೆ ಎತ್ತಿದೆ. ಮತ್ತೆ ಕಟ್. ಹೀಗೆ ಏಳು ಸಲ. ಏಳೂ ಸಲ ಮೊದಲ ರಿಂಗಿಗೇ ಎತ್ತಿದೆ, ಒಮ್ಮೆಯೂ ಒಂದು ಅಕ್ಷರ ಕೇಳಲಿಲ್ಲ.

ಇಳಿಹೊತ್ತಿಗೆ ಅವರು ಬಂದರು. ಬಿಳಿ ಅಂಗಿ, ಬಿಳಿ ತಲೆ, ಹುಬ್ಬು, ಎಲ್ಲ ಕೆಂಪು ಧೂಳು. ಕಟ್ಟೆಯ ಮೇಲೆ ಕೂತು ಕೇಳಿದರು. "ಏಳು ಸಲ ಮಾಡಿನವ್ವ. ಎಷ್ಟು ಸಲ ಎತ್ತಿದಿ?"

"ಏಳೂ ಸಲ."

"ನನ್ನ ದನಿ ಕೇಳಿಸ್ತೇನು?"

"ಇಲ್ಲ."

"ಹಂಗಾರ ಅವತ್ತೂ ಕೇಳ್ತಿರಲಿಲ್ಲ. ನೀ ಎತ್ತಿದ್ರೂ ಅಷ್ಟ, ಬಿಟ್ರೂ ಅಷ್ಟ. ಆ ತಿರುವಿನಾಗ ಟವರ್ ನಿಂದ್ರಂಗಿಲ್ಲ. ಅದನ್ನ ಮೊದಲ ಹೋಗಿ ನೋಡಲಾರದ್ದು ನನ್ನ ತಪ್ಪು. ನಿಂದಲ್ಲ. ನಿಂದು ಏನೂ ಇಲ್ಲವ್ವ."

ಗಂಡ ಹೋದ ಮೇಲೆ ನಾನು ಅತ್ತದ್ದು ಅವತ್ತೇ ಮೊದಲು. ಕಾಕಾ ಎದ್ದು ಹೋಗಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕತ್ತಲಾಗುವ ತನಕ ಕೂತಿದ್ದರು. ಆ ರಾತ್ರಿ ನಾನು ಮಗಳಿಗೆ ಉಣಿಸಿ, ನಾನೂ ಎರಡು ತುತ್ತು ಉಂಡೆ.

ಎರಡು ತಿಂಗಳಿಗೆ ಅವರೇ ಕರೆದು ಅಂಗಡಿಯಲ್ಲಿ ಕೂಡಿಸಿದರು. "ಹೆಣ್ಮಕ್ಕಳು ಗಂಡಸ್ರ ಮುಂದ ಸ್ಕೀಮು ಕೇಳಾಕ ನಾಚ್ತಾರ. ನೀ ಇದ್ರ ಬರ್ತಾರ" ಎಂದರು. ಕೂತೆ, ಕಲಿತೆ. ಮಿಸ್ ಕಾಲಿನ ಪಾಠವನ್ನು ಅವರು ಆಮೇಲೆ ಯಾರಿಗೂ ಹೇಳಲಿಲ್ಲ. ಹೊಸ ಫೋನು ಕೊಂಡವರಿಗೆಲ್ಲ, "ರಿಂಗಾದ್ರ ಎತ್ರಿ, ದುಡ್ಡು ಹೋದ್ರ ಹೋಗ್ಲಿ" ಎನ್ನುತ್ತಿದ್ದರು. ಕೊಳ್ಳುವವರಿಗೆ ಅದು ಮುದುಕನ ಹುಚ್ಚಾಗಿ ಕಾಣುತ್ತಿತ್ತು.

ಅವರ ಕೈಕೆಳಗೆ ನಾಲ್ಕು ವರ್ಷ ಇದ್ದೆ. ಒಂದು ದಿನ ಗಿರಾಕಿಯೊಬ್ಬ ತನ್ನ ಫೋನು ರಿಪೇರಿಗೆ ಕೊಟ್ಟು ಚಹಾಕ್ಕೆ ಹೋಗಿದ್ದ. ಕಾಕಾ ಊಟಕ್ಕೆ ಹೋಗಿದ್ದರು. ನಾನು ಅದನ್ನು ಆಫ್ ಮಾಡದೆ ಬ್ಯಾಟರಿ ಕಿತ್ತು ಬಿಚ್ಚಿಟ್ಟೆ. ಅವನು ತಿರುಗಿ ಬಂದು, "ಏನಕ್ಕ, ಕಾಯಿನ್ ಫೋನಿನಿಂದ ನನ್ನ ನಂಬರಿಗೆ ಮಾಡಿದ್ರ ವ್ಯಾಪ್ತಿ ಪ್ರದೇಶದ ಹೊರಗ ಅಂತೈತಿ! ನಿಮ್ಮ ಅಂಗಡ್ಯಾಗ ಟವರ್ ಇಲ್ಲೇನು?" ಎಂದು ನಕ್ಕ. ನಾನು ನಗಲಿಲ್ಲ. ಆನ್ ಇರುವ ಫೋನಿನ ಬ್ಯಾಟರಿ ಕಿತ್ತರೆ ಕರೆ ಮಾಡಿದವರಿಗೆ ಹಾಗೆಯೇ ಕೇಳಿಸುತ್ತದೆ. ಯಾರಿಗಾದರೂ ರಿಂಗು ಕೊಟ್ಟು, ಅವರು ಎತ್ತಿದ ಕೂಡಲೇ ಬ್ಯಾಟರಿ ಕಿತ್ತರೆ, ತಿರುಗಿ ಮಾಡಿದ ಅವರಿಗೂ ಹಾಗೆಯೇ ಕೇಳಿಸುತ್ತದೆ.

ಆ ದಿನದಿಂದ ಒಂದು ಪ್ರಶ್ನೆ ನನ್ನ ಬೆನ್ನು ಹತ್ತಿತು. ಆ ತಿರುವಿನಲ್ಲಿ ಟವರು ನಿಜವಾಗಿ ನಿಲ್ಲುತ್ತಿರಲಿಲ್ಲವೋ, ಅಥವಾ ಧೂಳಿನಲ್ಲಿ ಕೂತು ಏಳು ಸಲ ಅವರೇ ಕಿತ್ತರೋ? ಹೋಗಿ ನೋಡೋಣವೆಂದರೆ ಅಷ್ಟರಲ್ಲಿ ಗುಡ್ಡದ ನೆತ್ತಿಗೆ ಹೊಸ ಟವರು ಬಂದಿತ್ತು. ಈಗ ಅಲ್ಲಿ ಯಾರು ಮಾಡಿದರೂ ಗಂಟೆಗಟ್ಟಲೆ ಮಾತಾಡಬಹುದು. ಸುಳ್ಳು ಹೇಳಿ ಒಂದು ಫೋನು ಮಾರದ ಮನುಷ್ಯ ಇಷ್ಟು ದೊಡ್ಡ ಸುಳ್ಳು ಆಡಿಯಾರೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದಿನಾ ಎದುರಿಗೇ ಕೂತಿರುತ್ತಿದ್ದರು, ಆದರೂ ಕೇಳಲು ಬಾಯಿ ಬರಲಿಲ್ಲ. ಕೇಳಿ, ಅವರು ಹೌದು ಅಂದುಬಿಟ್ಟರೆ ನಾನು ಮತ್ತೆ ಕಾಲುವೆಯ ದಂಡೆಗೇ ಹೋಗಬೇಕಾಗುತ್ತಿತ್ತು.

ಆಮೇಲೆ ನಾನು ಕಮಲಾಪುರದಲ್ಲೇ ಒಂದು ಸಣ್ಣ ಅಂಗಡಿ ಹಾಕಿಕೊಂಡೆ. ಗಣಿ ನಿಂತಿತು, ಟಿಪ್ಪರುಗಳು ಹೊಲದ ಬದುವಿನಲ್ಲಿ ತುಕ್ಕು ಹಿಡಿದವು. ಉಜ್ಜಿ ನಡೆಸುವ ದೊಡ್ಡ ಗಾಜಿನ ಫೋನುಗಳು ಬಂದವು. ಕಾಕಾನಿಗೆ ಅವು ಹಿಡಿಸಲಿಲ್ಲ, ದೇಹಕ್ಕೂ ಆಗುತ್ತಿರಲಿಲ್ಲ. ಹಾಸಿಗೆ ಹಿಡಿದಿದ್ದಾರೆ ಎಂದು ಸುದ್ದಿ ಬಂದಾಗ ಮಗಳನ್ನು ಕರೆದುಕೊಂಡು ಹೊಸಪೇಟೆಗೆ ಓಡಿದೆ.

ಬಾಗಿಲಲ್ಲೇ ಅವರ ಸೊಸೆ ಮೆಲ್ಲಗೆ ಹೇಳಿದಳು: "ಮೂರು ದಿನ ಆತಕ್ಕ, ಗಂಜಿನೂ ಇಳಿವಲ್ದು." ಒಳಗೆ ಹೋದೆ. ಮೂಳೆಯ ಮೇಲೆ ಬರೀ ತೊಗಲಿತ್ತು. ಮಗಳ ತಲೆ ಸವರಿ, ನನ್ನನ್ನು ನೋಡಿ ನಕ್ಕರು. ಈಗ ಕೇಳದಿದ್ದರೆ ಇನ್ನೆಂದೂ ಇಲ್ಲ ಎನಿಸಿತು.

"ಕಾಕಾ, ಒಂದು ಮಾತು ಕೇಳ್ಲೇನು?"

"ಕೇಳವ್ವ."

ಅವರ ಕಣ್ಣು ನನ್ನ ಮೇಲೇ ಇತ್ತು. ನಾನು ಏನು ಕೇಳಲಿದ್ದೇನೆಂದು ಅವರಿಗೆ ಗೊತ್ತಿತ್ತೋ ಏನೋ. ನನ್ನ ನಾಲಿಗೆ ಕೊನೆಗಳಿಗೆಯಲ್ಲಿ ಹೊರಳಿತು.

"ಉಂಡ್ರೇನು?" ಎಂದೆ.

"ಉಂಡೆನವ್ವ. ಹೊಟ್ಟಿ ತುಂಬ ಉಂಡೆ. ಚಿಂತಿ ಮಾಡಬ್ಯಾಡ ನೀನು" ಎಂದರು. ರೆಪ್ಪೆ ಕೂಡ ಅಲ್ಲಾಡಲಿಲ್ಲ.

ಮೂರನೇ ದಿನ ಹೋಗಿಬಿಟ್ಟರು. ನನ್ನ ಪ್ರಶ್ನೆಗೆ ಉತ್ತರ ಅವತ್ತೇ ಸಿಕ್ಕಿತ್ತು. ಆ ಉತ್ತರವನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿ ನಾನು ಬದುಕಿದ್ದೆ, ಅದೂ ಅವರಿಂದಲೇ.