ವ್ಯಾನಕ್ಕನ ಜೋಡಿ ಬೆಣೆ

ಆ ಇಳಿಜಾರು ಬೀದಿಯ ದರ್ಜಿಗೆ ಊರಿನ ಅರ್ಧ ಜನರ ಸೊಂಟದ ಗುಟ್ಟು ಗೊತ್ತಿತ್ತು. ಯಾರ ಹೊಟ್ಟೆ ಯಾವ ವರ್ಷ ಮುಂದಕ್ಕೆ ಹೊರಟಿತು, ಯಾರು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಮೋಸ ಮಾಡುತ್ತಾರೆ, ಯಾರ ಎಡತೋಳು ಬಲತೋಳಿಗಿಂತ ಉದ್ದ, ಎಲ್ಲವೂ ಅವನ ಟೇಪಿನ ತುದಿಯಲ್ಲಿತ್ತು. ಬೀದಿಯಲ್ಲಿ ಆ ಟೇಪಿಗೆ ಸಿಕ್ಕದೆ ಉಳಿದವಳು ಒಬ್ಬಳೇ. ಅವಳನ್ನೇ ಅವನು ಮದುವೆಯಾಗಿದ್ದ.

ಬೀದಿಯವರು ಅವಳನ್ನು ವ್ಯಾನಕ್ಕ ಎನ್ನುತ್ತಿದ್ದರು. ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಒಂದು ಹಳೆಯ ಹಳದಿ ವ್ಯಾನಿಗೆ ಅವಳು ಒಡತಿ, ಚಾಲಕಿ, ಸೇನಾಪತಿ, ಎಲ್ಲವೂ. ಬೆಳಗ್ಗೆ ಅವಳ ಹಾರನ್ ಕೂಗಿತೆಂದರೆ ಬೀದಿಯುದ್ದಕ್ಕೂ ಕಾಲುಚೀಲ ಹುಡುಕುವ ಮಹಾಯುದ್ಧ ಶುರುವಾಗುತ್ತಿತ್ತು. ಹೆತ್ತವರು ಗಂಟಲು ಹರಿದುಕೊಂಡರೂ ಏಳದ ಮಕ್ಕಳು ಆ ಹಾರನ್ನಿಗೆ ಎದ್ದು, ಒಂದು ಷೂ ಕಾಲಲ್ಲಿ, ಒಂದು ಷೂ ಕೈಯಲ್ಲಿ ಹಿಡಿದು ಓಡಿಬರುತ್ತಿದ್ದವು. ವ್ಯಾನಿನೊಳಗೆ ಕಾಲಿಟ್ಟ ಮೇಲೆ ಎಂಥ ಪುಂಡನೂ ಪಾಪದವನಾಗುತ್ತಿದ್ದ. ಅವಳು ಬೈಯುತ್ತಿರಲಿಲ್ಲ. ಕನ್ನಡಿಯಲ್ಲಿ ಒಮ್ಮೆ ನೋಡುತ್ತಿದ್ದಳು, ಅಷ್ಟೆ.

ಆದರೆ ಅವಳ ನಿಜವಾದ ಕೀರ್ತಿ ಇದ್ದದ್ದು ಬ್ರೇಕಿನಲ್ಲಿ. ಗಾಡಿ ಓಡಿಸಲು ಯಾರಿಗಾದರೂ ಬರುತ್ತದೆ, ಅದನ್ನು ನಿಲ್ಲಿಸುವುದರಲ್ಲೇ ಎಲ್ಲ ಇರುವುದು ಎಂಬುದು ಅವಳ ವಾದ. ನಿದ್ದೆಹೋದ ಮಗುವಿಗೆ ಗಾಡಿ ಮನೆ ಬಾಗಿಲಲ್ಲಿ ನಿಂತರೂ ಎಚ್ಚರವಾಗಕೂಡದು. ಒಮ್ಮೆ ಒಬ್ಬ ಹುಡುಗಿ ತರಗತಿಯಲ್ಲಿ ತೋರಿಸಲೆಂದು ಗಾಜಿನ ಬೋಗುಣಿಯಲ್ಲಿ ಮೀನು ಹಿಡಿದು ವ್ಯಾನ್ ಹತ್ತಿದ್ದಳು. ಬೋಗುಣಿಯಲ್ಲಿ ಕಂಠಮಟ್ಟ ನೀರು. ಅಷ್ಟೂ ತಿರುವು, ಅಷ್ಟೂ ಸಿಗ್ನಲ್ ದಾಟಿ ಶಾಲೆ ಮುಟ್ಟಿದಾಗ ಹುಡುಗಿಯ ಲಂಗ ಒಣಗಿಯೇ ಇತ್ತು. ತಾನು ಪ್ರಯಾಣ ಮಾಡಿದ ಸಂಗತಿ ಆ ಮೀನಿಗೆ ಇವತ್ತಿಗೂ ಗೊತ್ತಿಲ್ಲ ಎಂದು ದರ್ಜಿ ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದ.

ಹಾಗೆ ಹೊಗಳಲು ಅವನಿಗೆ ಹಕ್ಕಿತ್ತು. ಹಿಂದೆ ಅವಳು ವ್ಯಾನಿನ ಸೀಟುಗಳಿಗೆ ಹೊದಿಕೆ ಹೊಲಿಸಲು ಬಂದಾಗ, ಅಳತೆ ತೆಗೆಯಲೆಂದು ಗಾಡಿ ಹತ್ತಿದ ಮನುಷ್ಯ ಅವನು. ಒಂದು ಲೆಕ್ಕದಲ್ಲಿ ಇನ್ನೂ ಇಳಿದಿರಲಿಲ್ಲ.

ಗಾಡಿ ನಿಲ್ಲಿಸಿ ಹೋಗುವುದಕ್ಕೂ ವ್ಯಾನಕ್ಕನ ಬಳಿ ಒಂದು ಕ್ರಮವಿತ್ತು. ಬಹಳ ದಿನ ನಿಲ್ಲುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯುವಂತಿಲ್ಲ. ಗಾಡಿಯನ್ನು ಗೇರಿನಲ್ಲಿಟ್ಟು, ಉರುಳದಂತೆ ಚಕ್ರಗಳಿಗೆ ಎರಡು ಮರದ ಬೆಣೆ ಒತ್ತಿ ಹೋಗಬೇಕು. ಆ ಬೆಣೆಗಳು ಲಾರಿ ಓಡಿಸುತ್ತಿದ್ದ ಅವಳ ಅಪ್ಪನ ಕಾಲದವು. ಕಪ್ಪಗೆ, ಕಬ್ಬಿಣದಂತೆ ಗಟ್ಟಿಯಾಗಿದ್ದವು. ಅರಸರಿಗೆ ಕಿರೀಟವಿದ್ದ ಹಾಗೆ ಅವಳಿಗೆ ಆ ಜೋಡಿ ಬೆಣೆ.

"ಹ್ಯಾಂಡ್‌ಬ್ರೇಕ್ ಅಂದ್ರೆ ಮುಷ್ಟಿ ಬಿಗಿಹಿಡಿದ ಹಾಗೆ ರೀ," ಎಂದು ಅವಳು ಗಂಡನಿಗೆ ಹಿಂದೆಯೇ ತಿಳಿಸಿದ್ದಳು. "ಸ್ವಲ್ಪ ಹೊತ್ತು ಹಿಡೀಬಹುದು. ವಾರಗಟ್ಟಲೆ ಹಿಡಿದ್ರೆ ಬೆರಳು ಬಿಚ್ಚೋದಿಲ್ಲ."

ದರ್ಜಿ ಹೂಂ ಎಂದಿದ್ದ. ಅವನ ಹೂಂ ಬಾಯಿಯ ಕೆಲಸ. ಕಿವಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಈಗ ದರ್ಜಿಯ ಸಂಕಟವನ್ನೂ ಸ್ವಲ್ಪ ಕೇಳಬೇಕು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬೀದಿ ಇಳಿಜಾರಾದ ಮೇಲೆ ನೆಲ ತಾನೇಕೆ ಸುಮ್ಮನಿರಬೇಕೆಂದು ಅದೂ ಗೋಡೆಯ ಕಡೆಗೆ ಇಳಿದಿತ್ತು. ಹಾಗಾಗಿ ಅವನು ಬಟ್ಟೆ ಕತ್ತರಿಸುವ ದೊಡ್ಡ ಮೇಜು ವಾಲಿಕೊಂಡೇ ಇರುತ್ತಿತ್ತು. ದಾರದ ಉಂಡೆ ಇಟ್ಟರೆ ಉರುಳುತ್ತಿತ್ತು, ಕತ್ತರಿ ಇಟ್ಟರೆ ಜಾರುತ್ತಿತ್ತು. ರಟ್ಟು ಮಡಚಿ ಕಾಲಿನ ಕೆಳಗಿಟ್ಟರೆ ಮೇಜು ಅದನ್ನು ಒಂದೇ ವಾರದಲ್ಲಿ ಹಪ್ಪಳ ಮಾಡುತ್ತಿತ್ತು. ಬಟ್ಟೆಯೂ ತುಸು ಜಾರುತ್ತಿದ್ದುದರಿಂದ ಅವನು ಹೊಲಿದ ಕೋಟುಗಳ ಎಡಭುಜ ಕೂದಲೆಳೆಯಷ್ಟು ಕೆಳಗಿರುತ್ತಿತ್ತು. ಊರಿನ ಗಣ್ಯರೆಲ್ಲ ಕಾಣದ ಚೀಲವೊಂದನ್ನು ಎಡಭುಜಕ್ಕೆ ನೇತುಹಾಕಿಕೊಂಡವರಂತೆ ಓಡಾಡುತ್ತಿದ್ದರು. ಯಾರಾದರೂ ಕೇಳಿದರೆ ದರ್ಜಿ, "ಕೋಟು ಸರಿಯಾಗೇ ಇದೆ ಸಾರ್, ನಿಮ್ಮ ಭುಜಾನೇ ಹಾಗೆ," ಎನ್ನುತ್ತಿದ್ದ. ಅವರು ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಚಿಂತಿಸುತ್ತಿದ್ದರು. ದರ್ಜಿಯೂ ಮೇಜಿನ ಮುಂದೆ ನಿಂತು ಚಿಂತಿಸುತ್ತಿದ್ದ, ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಬೇಸಿಗೆ ರಜೆ ಸಿಕ್ಕಿದ್ದೇ ತಡ, ವ್ಯಾನಕ್ಕ ಹೆರಿಗೆಯಾದ ತಂಗಿಯ ಮನೆಗೆ ಹೋದಳು. ಗಾಡಿಗೆ ಬೆಣೆ ಒತ್ತಿ, ಗಂಡನಿಗೆ ಬುದ್ಧಿ ಹೇಳಿ ಹೊರಟಳು. ಅವಳು ಹೋದ ಮೇಲೆ ಶಾಲೆಯ ಮ್ಯಾನೇಜರ್ ದರ್ಜಿಯ ಹತ್ತಿರ ಕೋಟಿಗೆ ಅಳತೆ ಕೊಟ್ಟುಹೋದರು. ಬಟ್ಟೆ ಎಂಥದೆಂದರೆ ದರ್ಜಿ ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡ. ಮೇಜಿನ ಮೇಲೆ ಹಾಸಿದ. ಅದು ಮೆಲ್ಲಗೆ ಗೋಡೆಯ ಕಡೆಗೆ ಹೊರಟಿತು. ದರ್ಜಿ ಮೇಜನ್ನು ನೋಡಿದ. ಕಿಟಕಿಯಾಚೆ ನೋಡಿದ. ಅಲ್ಲಿ ವ್ಯಾನಿನ ಚಕ್ರದಡಿ ಎರಡು ಕಪ್ಪು ಬೆಣೆಗಳು ಏನೂ ಕೆಲಸವಿಲ್ಲದೆ ಕೂತಿದ್ದವು.

ಮೇಜಿನ ಎರಡು ಕಾಲಿನಡಿ ಅವು ಹೇಳಿ ಮಾಡಿಸಿದಂತೆ ಕೂತವು. ದಾರದ ಉಂಡೆ ಇಟ್ಟ ಜಾಗದಲ್ಲೇ ನಿಂತಿತು. ದರ್ಜಿಗೆ ಕಣ್ಣು ತುಂಬಿ ಬಂತು. ಆದರೆ ಬೆಣೆಯಿಲ್ಲದ ವ್ಯಾನ್ ಉರುಳಿ ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನರ ಗೇಟಿಗೆ ನುಗ್ಗಿದರೆ? ಅದಕ್ಕೆ ಅವನು ಒಳಗೆ ಕೂತು, ಎರಡೂ ಕೈಯಿಂದ, ಹಲ್ಲು ಕಚ್ಚಿ, ಹ್ಯಾಂಡ್‌ಬ್ರೇಕನ್ನು ಇನ್ನು ಮೇಲೇರಲು ಜಾಗವೇ ಇಲ್ಲವೆನ್ನುವವರೆಗೆ ಎಳೆದ. ಎಳೆದ ಮೇಲೂ ತಪ್ಪು ಮಾಡಿದಂತೆನಿಸಿ, ಅದರ ಪ್ರಾಯಶ್ಚಿತ್ತಕ್ಕೆ ಪೈಪು ಹಿಡಿದು ವ್ಯಾನನ್ನು ತೊಳೆದ. ಮೇಲೆ ತೊಳೆದ, ಕೆಳಗೆ ತೊಳೆದ, ಚಕ್ರದ ಸಂದುಗೊಂದಿಗೆಲ್ಲ ನೀರು ಬಿಟ್ಟ. ಪ್ರೀತಿಯಿಂದ ಇಷ್ಟು ಹಾನಿ ಮಾಡುವುದು ಗಂಡಂದಿರಿಗೆ ಮಾತ್ರ ಸಾಧ್ಯ.

ವ್ಯಾನಕ್ಕ ವಾಪಸಾದ ದಿನ ಬೆಳಗ್ಗೆಯೇ ಶಾಲೆಯ ಮೈದಾನದಲ್ಲಿ ವಾಹನಗಳ ತಪಾಸಣೆ. ಶಾಲೆ ಈ ವರ್ಷ ಹೊಸದೊಂದು ದೊಡ್ಡ ಬಸ್ಸು ತಂದಿತ್ತು. ಅಂದರೆ ಯಾವುದಾದರೂ ಒಂದು ವ್ಯಾನಿನ ದಾರಿ ಆ ಬಸ್ಸಿನ ಪಾಲಾಗಬೇಕು. ಶಾಲೆಯ ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ ಮೈದಾನ ಮುಟ್ಟದ, ಅಥವಾ ಬ್ರೇಕಿನ ಪರೀಕ್ಷೆಯಲ್ಲಿ ಸೋತ ಗಾಡಿಯನ್ನೇ ಮೊದಲು ಕೈಬಿಡುವುದೆಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು. ವ್ಯಾನಕ್ಕನಿಗೆ ಬೇರೆ ಕೆಲಸ ಸಿಗುತ್ತಿರಲಿಲ್ಲ ಎಂದಲ್ಲ. ಬೇರೆ ಮಕ್ಕಳು ಬೇಕಾಗಿರಲಿಲ್ಲ.

ಅವಳು ಚೀಲ ಕೆಳಗಿಟ್ಟವಳೇ, ಬೆಣೆಗಳನ್ನು ಗಂಡನೇ ತೆಗೆದಿಟ್ಟಿರಬೇಕೆಂದುಕೊಂಡು ವ್ಯಾನ್ ಹತ್ತಿ, ಎಳೆದಿದ್ದ ಹ್ಯಾಂಡ್‌ಬ್ರೇಕ್ ಇಳಿಸಿದಳು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟಳು. ವ್ಯಾನ್ ಕಾವಿಗೆ ಕೂತ ಕೋಳಿಯಂತೆ ಹಿಂಭಾಗ ಕುಲುಕಿಸಿ, ಮತ್ತೆ ಅಲ್ಲೇ ಕೂತಿತು. ಹಿಂದಕ್ಕೆ ತೆಗೆದು ನೋಡಿದಳು. ಅದೇ ಕಥೆ.

ಪೋಸ್ಟ್‌ಮ್ಯಾನ್ ಗೇಟಿಗೆ ಬಂದರು. "ತಳ್ಳೋಣ ಬಿಡಕ್ಕ. ನಾಲ್ಕು ಜನ ಸೇರಿದ್ರೆ ಹಿಮಾಲಯಾನೂ ಸರಿಯುತ್ತೆ."

ನಾಲ್ಕು ಜನ ಸೇರಿ ತಳ್ಳಿದರು. ಮುಂದಿನ ಚಕ್ರ ಉರುಳಿತು, ಹಿಂದಿನದು ಉರುಳದೆ ರಸ್ತೆಯ ಮೇಲೆ ಕಪ್ಪು ಗೆರೆ ಎಳೆಯಿತು.

"ಸಾಕಣ್ಣ, ನಿಲ್ಲಿಸಿ," ಎಂದಳು ವ್ಯಾನಕ್ಕ. "ಹಿಂದಿನ ಬ್ರೇಕ್ ಜಾಮ್ ಆಗಿದೆ. ಜೋರು ಮಾಡಿದ್ರೆ ಒಳಗಿನ ಲೈನರ್ ಪಟ್ಟಿ ಕಿತ್ತು ಬರುತ್ತೆ." ಅವಳು ಹ್ಯಾಂಡ್‌ಬ್ರೇಕನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಮಕ್ಕಳನ್ನು ಕನ್ನಡಿಯಲ್ಲಿ ನೋಡುವ ನೋಟವೇ ಅದು. "ನಾನು ಹತ್ತಿದಾಗ ಇದು ಗಡಿಯಾರದ ಹನ್ನೆರಡು ಗಂಟೆ ಮುಳ್ಳಿನ ಹಾಗೆ ನೆಟ್ಟಗೆ ನಿಂತಿತ್ತು. ನಾನಂತೂ ಎಳೆದಿಲ್ಲ."

"ಗಾಡಿ ತೊಳೆದೆ," ಎಂದ ದರ್ಜಿ. "ಧೂಳು ಕೂತಿತ್ತು, ನೋಡೋಕೆ ಆಗ್ಲಿಲ್ಲ."

"ತೊಳೆದು?"

"ಅದಕ್ಕೂ ಮುಂಚೆ... ಉರುಳಬಾರದಲ್ಲ, ಅದಕ್ಕೆ ಸ್ವಲ್ಪ ಎಳೆದೆ."

"ಬ್ರೇಕ್ ಎಳೆದು, ಚಕ್ರದ ಬ್ರೇಕ್ ಡ್ರಮ್ಮಿನೊಳಗೆ ನೀರು ಬಿಟ್ಟು, ತಿಂಗಳುಗಟ್ಟಲೆ ಬಾಗಿಲು ಹಾಕಿದ್ರಿ. ಒಳಗೆ ತುಕ್ಕು ಹಿಡಿದು ಲೈನರೂ ಡ್ರಮ್ಮೂ ಅಂಟಿಕೊಂಡು ಒಂದೇ ಆಗಿವೆ. ನಮ್ಮಿಬ್ಬರ ಸಂಸಾರ ಕೂಡ ಅಷ್ಟು ಗಟ್ಟಿ ಅಂಟಿಕೊಂಡಿಲ್ಲ." ಅವಳು ಸೀರೆಯ ಸೆರಗು ಸಿಕ್ಕಿಸಿದಳು. "ಚಕ್ರ ಬಿಚ್ಚಬೇಕು. ಜಾಕ್ ತನ್ನಿ. ಬೆಣೆಗಳೂ ಬೇಕು, ಇಳಿಜಾರಿನಲ್ಲಿ ಮುಂದಿನ ಚಕ್ರಕ್ಕೆ ಒತ್ತಾಸೆ ಇಲ್ಲದೆ ಗಾಡಿ ಎತ್ತಲ್ಲ ನಾನು. ಎಲ್ಲಿವೆ?"

ದರ್ಜಿ ಜಾಕ್ ತಂದ. ಬೆಣೆಯ ಬದಲಿಗೆ ಪಕ್ಕದ ಗೋಡೆಯಿಂದ ಎರಡು ಇಟ್ಟಿಗೆ ತಂದುಕೊಟ್ಟ.

"ಇಟ್ಟಿಗೆ ಪುಡಿಯಾಗುತ್ತೆ ರೀ. ಕೆಳಗೆ ಕೂರೋಳು ನಾನು."

ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಿ ಬದುಕಬಹುದು, ಆದರೆ ಎತ್ತಿದ ಗಾಡಿಯ ಪಕ್ಕ ಹೆಂಡತಿಯನ್ನು ಕೂರಿಸಿ ಸುಳ್ಳು ಹೇಳಲು ದರ್ಜಿಗೆ ಬರುತ್ತಿರಲಿಲ್ಲ. ಅವನು ಒಳಗೆ ಹೋದ. ಮೇಜು ದಡ್ ಎಂದು ವಾಲಿದ ಸದ್ದು, ಕತ್ತರಿ ಬಿದ್ದ ಸದ್ದು, ಗುಂಡಿಗಳ ಡಬ್ಬಿ ಚೆಲ್ಲಿದ ಸದ್ದು, ಒಂದಾದ ಮೇಲೊಂದು ಬೀದಿಯವರೆಗೂ ಕೇಳಿಸಿದವು. ಬೆಣೆಗಳನ್ನು ಎದೆಗವಚಿಕೊಂಡು ಅವನು ಹೊರಬಂದಾಗ ಅವುಗಳ ಮೈಗೆಲ್ಲ ಸೀಮೆಸುಣ್ಣದ ಪುಡಿ, ಬಣ್ಣಬಣ್ಣದ ದಾರದ ಚೂರು.

ವ್ಯಾನಕ್ಕ ಒಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಅಪ್ಪನ ಬೆಣೆಗೆ ಅಂಗಿ ಹೊಲಿತಾ ಇದ್ರಾ?"

ಪೋಸ್ಟ್‌ಮ್ಯಾನ್ ನಗು ಬಂದದ್ದನ್ನು ಕೆಮ್ಮಾಗಿ ಬದಲಾಯಿಸಿಕೊಂಡು ಒಳಗೆ ಹೋದರು. ಆಮೇಲೆ ಅವಳು ಮಾತಾಡಲಿಲ್ಲ. ದರ್ಜಿಗೆ ಭಯವಿದ್ದದ್ದು ಅದಕ್ಕೇ. ಬೈದರೆ ಬಟ್ಟೆಯಂತೆ ಮಡಚಿ ಇಡಬಹುದು. ಮೌನಕ್ಕೆ ಮಡಿಕೆಯೇ ಇರುವುದಿಲ್ಲ.

ಬೆಣೆ ಒತ್ತಿ, ಗಾಡಿ ಎತ್ತಿ, ಅವಳು ಚಕ್ರ ಬಿಚ್ಚಿದಳು. ನಟ್ಟುಗಳನ್ನು ದರ್ಜಿ ಖಾಲಿಯಾದ ಗುಂಡಿ ಡಬ್ಬಿಯಲ್ಲಿ ಹಿಡಿದುಕೊಂಡು ನಿಂತ. ಅವಳು ಸುತ್ತಿಗೆ ಹಿಡಿದು ಡ್ರಮ್ಮಿನ ಅಂಚಿಗೆ ಬಡಿಯತೊಡಗಿದಳು. ಕೋಪದಿಂದ ಬಡಿದಿದ್ದರೆ ಡ್ರಮ್ ಸೀಳುತ್ತಿತ್ತು. ಅವಳದು ಬಾಗಿಲು ತಟ್ಟುವ ರೀತಿ, ಒಳಗಿರುವವರು ಮುನಿಸಿಕೊಂಡು ಮಲಗಿದ್ದಾರೆಂದು ಗೊತ್ತಿದ್ದೂ ತಟ್ಟುವ ರೀತಿ. ತುಸು ಬಡಿದು, ಡ್ರಮ್ ತಿರುಗುತ್ತದೆಯೇ ಎಂದು ಕೈಯಿಂದ ನೋಡುವುದು, ಮತ್ತೆ ಇನ್ನೊಂದು ಕಡೆ ಬಡಿಯುವುದು. ದಬ್, ದಬ್ ಎಂಬ ಮಂಕು ಸದ್ದೇ ಬರುತ್ತಿತ್ತು. ಬಿಸಿಲೇರಿತು. ದರ್ಜಿ ಡಬ್ಬಿಯೊಳಗಿನ ನಟ್ಟುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ.

ಆಗ ಒಳಗೆಲ್ಲೋ ಟಕ್ ಎಂದಿತು. ಮರುಪೆಟ್ಟಿಗೆ ಡ್ರಮ್ ಟಣ್ ಎಂದು ಗಂಟೆಯಂತೆ ಮಾತಾಡಿತು. ಅವಳು ಬೆರಳಿಂದ ತಳ್ಳಿದಳು. ಅದು ತಿರುಗಿತು, ಕೆಂಪು ತುಕ್ಕಿನ ಪುಡಿ ಉದುರಿಸುತ್ತ.

ಇನ್ನೊಂದು ಕಡೆಯದು ಅಷ್ಟು ಹಟ ಮಾಡಲಿಲ್ಲ. ಮೊದಲನೆಯದರ ಗತಿ ಕೇಳಿಸಿಕೊಂಡಿತ್ತೋ ಏನೋ.

ಮೈದಾನಕ್ಕೆ ಹತ್ತಿರದ ದಾರಿಯಿತ್ತು. ಅವಳು ಸುತ್ತುದಾರಿ ಹಿಡಿದಳು. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತುತ್ತ, ಬಿಡುತ್ತ, ಉಳಿದ ತುಕ್ಕನ್ನು ಸವೆಸುತ್ತ ಹೋದಳು. ನಡುವೆ ಒಮ್ಮೆ ನಿಲ್ಲಿಸಿ ಇಳಿದು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಚಕ್ರಗಳನ್ನು ಮುಟ್ಟಿ ನೋಡಿದಳು. ಬಿಸಿಯಿಲ್ಲ. ಪಕ್ಕದ ಸೀಟಿನಲ್ಲಿ ದರ್ಜಿ ಬೆಣೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಶಾಲೆಗೆ ಸೇರಲು ಹೊರಟ ಹೊಸ ಹುಡುಗನಂತೆ ಕೂತಿದ್ದ.

ಮಧ್ಯಾಹ್ನದ ಗಂಟೆ ಬಾರಿಸುವವನು ಕೋಲು ಎತ್ತಿದ್ದ, ಅಷ್ಟರಲ್ಲಿ ವ್ಯಾನ್ ಮೈದಾನಕ್ಕಿಳಿಯಿತು. ಮ್ಯಾನೇಜರ್ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದ್ದರು. ವೇಗವಾಗಿ ಬಂದು, ಗೆರೆ ದಾಟದೆ ನಿಲ್ಲಬೇಕು. ದರ್ಜಿ ಕಣ್ಣು ಮುಚ್ಚಿದ. ಎಂಜಿನ್ನಿನ ಸದ್ದು ಏರಿತು, ಗಾಳಿ ಮುಖಕ್ಕೆ ಹೊಡೆಯಿತು, ಚಕ್ರದಲ್ಲಿ ಕರ್ರ್ ಎಂದಿತು. ಅವನು ಮುಗ್ಗರಿಸುವುದನ್ನೇ ಕಾಯುತ್ತ ಕೂತಿದ್ದ. ಗಾಡಿ ಆಗಲೇ ನಿಂತಿದೆ ಎಂದು ತಿಳಿದದ್ದು ಮ್ಯಾನೇಜರ್ ಕಿಟಕಿಯ ಹತ್ತಿರ ಬಂದು ಮಾತಾಡಿದಾಗ. ಕಣ್ಣು ಬಿಟ್ಟು ಬಗ್ಗಿ ನೋಡಿದರೆ ಟಯರು ಗೆರೆಯನ್ನು ಮೂಸಿ ನೋಡುವಷ್ಟು ಹತ್ತಿರವಿತ್ತು, ಸುಣ್ಣ ಮಾತ್ರ ಕದಡಿರಲಿಲ್ಲ.

"ಅದೇನಮ್ಮ ಕರಕರ ಸದ್ದು?"

"ರಜೆ ಮುಗಿಸಿ ಎದ್ದಿದೆ ಸಾರ್, ಮೈ ಮುರೀತಾ ಇದೆ. ನಾಳೆಗೆ ಸರಿಹೋಗುತ್ತೆ."

ಮ್ಯಾನೇಜರ್ ನಕ್ಕರು. "ಸರಿ, ನಾಳೆ ಬೆಳಗ್ಗೆ ಮಾಮೂಲಿ ದಾರಿಗೆ ಬನ್ನಿ. ದೊಡ್ಡ ಬಸ್ಸಿಗೆ ಬೇರೆ ಕಡೆ ದಾರಿ ಹುಡುಕ್ತೀನಿ." ಆಮೇಲೆ ದರ್ಜಿಯ ಕಡೆ ತಿರುಗಿದರು. "ನೀವೂ ಬಂದಿದ್ದು ಒಳ್ಳೇದಾಯ್ತು. ಈ ಸಲದ ಕೋಟು ನೋಡಿ, ಎಷ್ಟು ಚೆನ್ನಾಗಿ ಕೂತಿದೆ. ನನ್ನ ಭುಜಾನೇ ಸರಿಹೋಯ್ತೋ ಏನೋ."

ವ್ಯಾನಕ್ಕ ಆ ಕೋಟನ್ನು ನೋಡಿದಳು. ಎಡಭುಜ ನೋಡಿದಳು, ಬಲಭುಜ ನೋಡಿದಳು. ಎರಡೂ ಒಂದೇ ಮಟ್ಟದಲ್ಲಿದ್ದವು. ಅಷ್ಟು ವರ್ಷದ ಸಂಸಾರದಲ್ಲಿ ಗಂಡನ ಕೈಯಿಂದ ಅಂಥ ಕೋಟು ಬಂದದ್ದನ್ನು ಅವಳು ಕಂಡಿರಲಿಲ್ಲ. ನೋಟ ಅವನ ತೊಡೆಯ ಮೇಲಿದ್ದ ಬೆಣೆಗಳಿಗೆ ಇಳಿಯಿತು. ಗಾಡಿ ತಿರುಗಿಸಿದಳು.

ಮನೆಗೆ ಹೋಗುವ ದಾರಿಯಲ್ಲಿ ಮರ ಕೊಯ್ಯುವ ಕಾರ್ಖಾನೆಯ ಮುಂದೆ ನಿಲ್ಲಿಸಿ, ಇಳಿದುಹೋಗಿ, ಒಂದು ದಪ್ಪ ಮರದ ತುಂಡು ಹೊತ್ತು ಬಂದಳು. ಅದನ್ನು ಬೆಣೆಗಳ ಮೇಲೆಯೇ ದರ್ಜಿಯ ತೊಡೆಗೆ ಹಾಕಿದಳು.

"ಇದ್ಯಾಕೆ?" ಎಂದ ಅವನು, ಉಸಿರು ಸಿಕ್ಕಿದ ಮೇಲೆ.

"ಮೇಜು ಎಷ್ಟು ಎತ್ತರ ಆಗಬೇಕು, ಟೇಪ್ ಹಿಡಿದು ಸರಿಯಾಗಿ ಹೇಳಿ. ಸಂಜೆ ಕೊಯ್ದು ಕೊಡ್ತೀನಿ. ಅಪ್ಪನವು ನನ್ನ ಗಾಡಿಗೆ, ಇವು ನಿಮ್ಮ ಮೇಜಿಗೆ." ಗೇರ್ ಹಾಕುತ್ತ ಅವಳು ಕನ್ನಡಿಯನ್ನು ತುಸು ಅವನ ಕಡೆ ತಿರುಗಿಸಿ ನೋಡಿದಳು. ಈ ಸಲದ ನೋಟದಲ್ಲಿ ನಗುವಿತ್ತು. "ಇನ್ನೊಂದ್ಸಲ ಆ ಹ್ಯಾಂಡ್‌ಬ್ರೇಕ್ ಮುಟ್ಟಿದ್ರೆ ಮಾತ್ರ ನಿಮ್ಮ ಕತ್ತರಿ ತಗೊಂಡು ತಗಡು ಕತ್ತರಿಸ್ತೀನಿ, ನೆನಪಿರಲಿ."

ದರ್ಜಿ ಹೂಂ ಎಂದ. ಈ ಸಲದ ಹೂಂ ಕಿವಿಯಿಂದಲೇ ಹೊರಟಿತ್ತು.