‘ದಾಟಿ’ ಎಂಬ ಮಾತಿನ ಹೊಣೆ

ವಿಮಾನಗಳು ಆಕಾಶದಲ್ಲಿ ಎದುರಿಸುವ ಅಪಾಯಗಳ ಬಗ್ಗೆ ಬರೆದವರು ಬಹಳ ಮಂದಿ. ಅವು ನೆಲ ಮುಟ್ಟುವ ರನ್‌ವೇಗೆ ವಾಹನಗಳೇಕೆ ಅಡ್ಡ ಬರುತ್ತವೆ ಎಂಬ ಪ್ರಶ್ನೆಗೆ ಇಡೀ ಸೇವಾವಧಿಯನ್ನು ಮೀಸಲಿಟ್ಟವರು ವಿರಳ. ಅಂಥವರಲ್ಲಿ ಅಗ್ರಮಾನ್ಯರು, ದೇವಗಾಂವ್ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರದಿಂದ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಕುಸುಮತಾಯಿ ಘಾರಪುರೆಯವರು.

ನಾನು ತರಬೇತಿಗೆ ಸೇರಿದಾಗ ಅವರು ಹಿರಿಯ ನಿಯಂತ್ರಕರು. ಹೊಗಳುವುದರಲ್ಲಿ ಬಲು ಜಿಪುಣರು. ಆದರೂ ನಾನು ಜ್ವರದಿಂದ ಮಲಗಿದ್ದಷ್ಟು ದಿನವೂ ಡಬ್ಬಿ ತುಂಬ ಖಿಚಡಿ ಕಳುಹಿಸಿದವರು ಅವರೇ.

ಆಗೊಂದು ಬೆಳಗ್ಗೆ, ಹಕ್ಕಿಗಳನ್ನು ಬೆದರಿಸಿ ಓಡಿಸುವ ಜೀಪಿನ ಚಾಲಕ ರಘುನಾಥ ಢೋಬಳೆ ರನ್‌ವೇಯ ಅಂಚಿನಲ್ಲಿ ಕಾದಿದ್ದರು. ಕುಸುಮತಾಯಿ ರೇಡಿಯೊದಲ್ಲಿ, “ವಿಮಾನ ಇಳಿದ ಮೇಲೆ ದಾಟಿ” ಎಂದರು. ಅದೇ ಕ್ಷಣ ಪೈಲಟ್ ಒಬ್ಬರು ನಡುವೆ ಮಾತಾಡಿದ್ದರಿಂದ ಢೋಬಳೆಯವರಿಗೆ ಕೇಳಿಸಿದ್ದು ಕೊನೆಯ ಪದವೊಂದೇ. “ದಾಟ್ತೀನಿ” ಎಂದವರೇ ಜೀಪು ಬಿಟ್ಟರು. ಇನ್ನೇನು ಇಳಿಯಲಿದ್ದ ವಿಮಾನವನ್ನು ಕುಸುಮತಾಯಿ ತಡಮಾಡದೆ ಪೈಲಟ್‌ಗೆ ಹೇಳಿ ಮತ್ತೆ ಮೇಲಕ್ಕೇರಿಸಿದರು. ಅದು ಜೀಪಿನ ನೆತ್ತಿಯ ಮೇಲೆ ಗುಡುಗುತ್ತ ಹಾದುಹೋಯಿತು.

ವಿಚಾರಣೆಯಲ್ಲಿ ಎಲ್ಲರೂ ಅವರ ಸಮಯಪ್ರಜ್ಞೆಯನ್ನು ಕೊಂಡಾಡಿ, ಢೋಬಳೆಯವರನ್ನು ಕೆಲಸದಿಂದ ತೆಗೆಯಲು ಅಣಿಯಾದರು. ಕುಸುಮತಾಯಿ ಎದ್ದು ನಿಂತರು.

“ಅವನೊಬ್ಬನದೇ ತಪ್ಪು ಅಂತ ಬರೀಬೇಡಿ. ದಾಟಿ ಅನ್ನೋ ಪದ ನನ್ನ ಬಾಯಿಂದ್ಲೇ ಬಂದಿದ್ದು. ಅವನು ದಾಟ್ತೀನಿ ಅಂದಾಗ್ಲೂ, ಆಮೇಲೆ ದಾಟ್ತಾನೆ ಅಂದ್ಕೊಂಡೆ. ತಿರುಗಿ ಕೇಳ್ಲಿಲ್ಲ.”

ಅಧ್ಯಕ್ಷರು ಮೆಲ್ಲನೆ, “ಕುಸುಮತಾಯಿ, ನಿಮ್ಮ ಬಡ್ತಿ ಇನ್ನೂ ಆಗಿಲ್ಲ. ಯೋಚನೆ ಮಾಡಿ ಮಾತಾಡಿ” ಎಂದರು.

“ಮಾಡಿದೀನಿ ಸಾಹೇಬ್ರೆ. ಇವನನ್ನ ತೆಗೆದ್ರೆ ನಾಳೆ ಇನ್ನೊಬ್ಬ ಬರ್ತಾನೆ, ಇದೇ ಮಾತು ಕೇಳಿ ಹಿಂಗೇ ದಾಟ್ತಾನೆ.”

ಢೋಬಳೆಯವರ ಕೆಲಸ ಉಳಿಯಿತು. ಕುಸುಮತಾಯಿಯವರ ಬಡ್ತಿ ತಪ್ಪಿತು. ನಿಜವಾಗಿ ಅಪ್ಪಣೆ ಕೊಡುವಾಗಲ್ಲದೆ ‘ದಾಟಿ’ ಎಂಬ ಪದವನ್ನು ಉಚ್ಚರಿಸಬಾರದೆಂಬ ನಿಯಮ ನಮ್ಮ ಗೋಪುರದಲ್ಲಿ ಬಂದದ್ದು ಹೀಗೆ. ಮರುವಾರ ಕ್ಯಾಂಟೀನಿನಲ್ಲಿ ಅವಲಕ್ಕಿ ತಿನ್ನುತ್ತಿದ್ದ ಅವರೆದುರು ಢೋಬಳೆ ಬಂದು ಕಣ್ಣೊರೆಸಿಕೊಂಡರು.

“ನನ್ನಿಂದ ನಿಮ್ಮ ಬಡ್ತಿ ಹೋಯ್ತಲ್ಲ ತಾಯಿ!”

“ಅಳೋದು ಆಮೇಲೆ. ಮೊದ್ಲು ಕತ್ತು ತಿರುಗ್ಸಿ ಆಕಾಶ ನೋಡೋದು ಕಲಿ. ನಾನೇ ದಾಟು ಅಂದ್ರೂ ನೋಡು!”

ಮುಂದಿನ ವರ್ಷಗಳಲ್ಲಿ ಅವರು ಚಾಲಕರ ಪಕ್ಕದಲ್ಲೇ ಕುಳಿತು ಸುತ್ತಾಡಿ, ಮಾಸಿದ ಗೆರೆಗಳನ್ನೂ ಹುಲ್ಲು ಮುಚ್ಚಿದ ಫಲಕಗಳನ್ನೂ ಕಿವಿಗೆ ಒಂದೇ ಎನಿಸುವ ದಾರಿಯ ಹೆಸರುಗಳನ್ನೂ ಪತ್ತೆಹಚ್ಚಿ ಸರಿಪಡಿಸಿದರು. ಹೇಳಿದ್ದನ್ನೇ ಹೇಳಿಸುವ ಅವರ ಪಾಠಗಳು ನಮ್ಮನ್ನು ದಣಿಸಿದ್ದುಂಟು. ಗೋಪುರದಲ್ಲಿ ಒಬ್ಬರೇ ಕುಳಿತ ದಿನ ಮಾತ್ರ ಅವುಗಳ ಬೆಲೆ ತಿಳಿಯಿತು.

ಇನ್ನು ತರಬೇತಿ ಶಾಲೆಯಲ್ಲಿ ಬೋಧಿಸಲು ಒಪ್ಪಿರುವ ಪೂಜ್ಯರಿಗೆ ತುಂಬು ಆಯುಷ್ಯ, ಆರೋಗ್ಯಗಳು ಒಲಿಯಲಿ. ‘ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ನಾಚದೆ ಕೇಳುವ ಧೈರ್ಯವನ್ನು ಹೊಸ ಪೀಳಿಗೆ ಅವರಿಂದ ಬಹುಕಾಲ ಕಲಿಯುತ್ತಿರಲಿ.