ಇಪ್ಪತ್ತೇಳನೇ ನಂಬರಿನ ಮಶೀನು

ವಿಠಲಾಚಾರ್ಯರು ಕಂಪ್ಯೂಟರಿನಿಂದ ಮಶೀನಿಗೆ ಒಂದು ಮಾತು ಕಳಿಸಿದರೆಂದರೆ ತುಟಿಯ ಮೇಲೆ ಬೆರಳಿಟ್ಟು ನಿಂತುಬಿಡುತ್ತಿದ್ದರು. ಸುತ್ತಲಿದ್ದವರೂ ಉಸಿರೆತ್ತಬಾರದು. ಒಮ್ಮೆ ನಮ್ಮ ಸಾವಕಾರರೇ ನಡುವೆ ಬಾಯಿ ಹಾಕಿದಾಗ, "ತಡೀರಿ ಸಾವಕಾರ್ರ. ಕೇಳೀನಿ, ಅದು ಹೇಳಲಿ" ಎಂದಿದ್ದರು. ಸಾವಕಾರರನ್ನು ಸುಮ್ಮನಾಗಿಸಿದ ಮನುಷ್ಯನನ್ನು ನಾನು ಕಂಡದ್ದು ಅದೊಂದೇ ಸಲ.

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕಾರಖಾನೆಯಲ್ಲಿ ನಾನು ಮಶೀನು ನಡೆಸುತ್ತಿದ್ದೆ. ಅವನ್ನು ರಿಪೇರಿ ಮಾಡಲು ಆಚಾರ್ಯರು ಸೇಡಂನಿಂದ ಬರುತ್ತಿದ್ದರು. ಪೂಜೆ ಮುಗಿಸಿ ಹಣೆಗೆ ಗೋಪಿಚಂದನ ಹಚ್ಚಿಕೊಂಡು ಬಂದವರ ಮುಖಕ್ಕೆ ಮಧ್ಯಾಹ್ನದೊಳಗೆ ಕಲ್ಲಿನ ಧೂಳು ಮೆತ್ತಿ, ನಾಮ ಯಾವುದು ಹಣೆ ಯಾವುದು ತಿಳಿಯುತ್ತಿರಲಿಲ್ಲ.

ಮೋಟರು ಎಷ್ಟು ಜೋರು ತಿರುಗಬೇಕೆಂದು ನೋಡಿಕೊಳ್ಳುವ ಡಬ್ಬಿಗೆ ಡ್ರೈವ್ ಎನ್ನುತ್ತಾರೆ. ಸಾವಕಾರರು ಎರಡು ಮಶೀನಿಗೆ ಎರಡು ಡ್ರೈವ್ ತರಿಸಿ, ಎರಡನ್ನೂ ಒಂದೇ ಜೋಡಿ ತಂತಿಯಿಂದ ಕಂಪ್ಯೂಟರಿಗೆ ಕಟ್ಟಿಸಿದರು. ಕುಂತಲ್ಲಿಂದಲೇ ಎರಡನ್ನೂ ನಡೆಸಬಹುದಂತೆ. ನನಗೆ ಅಂಜಿಕೆ ಹತ್ತಿತು. ಮೂರನೇ ಇಯತ್ತೆ ಓದಿದವನಿಂದ ಕಂಪ್ಯೂಟರ್ ಆಗದು, ಕಲಿತವನನ್ನು ತರುತ್ತೇನೆ, ನೀನು ಕಲ್ಲು ಹೊರು ಎಂದು ಸಾವಕಾರರು ಹೇಳಿಯಾಗಿತ್ತು. ಆದರೂ ಕುತೂಹಲ ಬಿಡಬೇಕಲ್ಲ! ಒಂದೇ ಜೋಡಿ ತಂತಿಯಲ್ಲಿ ಯಾರ ಮಾತು ಯಾರಿಗೆಂದು ಅವಕ್ಕೆ ಹೇಗೆ ಗೊತ್ತಾಗುತ್ತದೆ?

ಕೇಳಿಯೇಬಿಟ್ಟೆ. ಆಚಾರ್ಯರು ನಗಲಿಲ್ಲ. ನೆಲದ ಧೂಳಿನಲ್ಲಿ ಗೆರೆ ಎಳೆದು ತೋರಿಸಿದರು. "ಒಂದೊಂದಕ್ಕೂ ಒಂದೊಂದು ನಂಬರ್ ಅದ, ಮಲ್ಲಣ್ಣ. ಮಾತು ಎಲ್ಲಾರಿಗೂ ಕೇಳತದ. ಕರದ ನಂಬರಿನಂವ ಅಷ್ಟೇ ಓ ಅನಬೇಕು."

ಅಂದು ಎರಡೂ ನಡೆದವು. ಮರುದಿನ ಕರೆಂಟ್ ಹೋಗಿ ಬಂದದ್ದೇ ತಡ, ಎರಡೂ ಕೆಟ್ಟು ಕುಂತವು. ಒಂದನ್ನು ಬಿಚ್ಚಿದರೆ ಇನ್ನೊಂದು ಮಾತಾಡುತ್ತದೆ; ಎರಡೂ ಕೂಡಿದರೆ ಪರದೆಯ ಮೇಲೆ ಬರೀ ಗೋಜಲು. ಆಚಾರ್ಯರು ಮತ್ತೆ ಬಂದು ತಂತಿ ಬದಲಿಸಿದರು, ಸ್ಕ್ರೂ ಬಿಗಿದರು, ಬೆವರಿದರು.

ನನಗೆ ಚಿಮ್ಮನಚೋಡದ ನಮ್ಮ ಶಾಲೆ ನೆನಪಾಯಿತು. ತರಗತಿಯಲ್ಲಿ ನಾನೂ ಸೇರಿ ಇಬ್ಬರು ಮಲ್ಲಣ್ಣರು. ಹಾಜರಿ ಕರೆದರೆ ಇಬ್ಬರೂ ಒಮ್ಮೆಲೇ ಕೂಗಿ ಮಾಸ್ತರರ ತಲೆ ಕೆಡಿಸುತ್ತಿದ್ದೆವು. ಕಡೆಗೆ ಅವರು ನನ್ನನ್ನು ಇಪ್ಪತ್ತೇಳು ಎಂದು ನಂಬರಿನಿಂದಲೇ ಕರೆಯತೊಡಗಿದರು. ಅಳುಕುತ್ತಲೇ ಬಾಯಿ ಬಿಟ್ಟೆ: "ಆಚಾರ್ರ, ಇವೆರಡೂ ಒಂದೇ ನಂಬರಿಗೆ ಓ ಅನ್ನಲಿಕತ್ತಾವೇನ್ರಿ?"

ಆಚಾರ್ಯರು ಹಣೆ ಬಡಿದುಕೊಂಡರು. ಗೋಪಿಚಂದನ, ಧೂಳು ಎರಡೂ ಉದುರಿದವು. ಎರಡನೆಯದಕ್ಕೆ ಬೇರೆ ನಂಬರ್ ಕೊಟ್ಟು, ಅದನ್ನು ಉಳಿಸುವ ಗುಂಡಿ ಒತ್ತಲು ಮರೆತಿದ್ದರಂತೆ. ಕರೆಂಟ್ ಹೋದೊಡನೆ ಅದು, ಎರಡಕ್ಕೂ ಕಂಪನಿ ಕೊಟ್ಟಿದ್ದ ಒಂದೇ ಹಳೆಯ ನಂಬರಿಗೆ ಮರಳಿತ್ತು.

"ನೀನೇ ಹೇಳು, ಯಾವ ನಂಬರ್ ಇಡೂಣು?"

ಇಪ್ಪತ್ತೇಳು ಎಂದೆ. ನನ್ನ ಬೆರಳಿನಿಂದಲೇ ಒತ್ತಿಸಿದರು, ಉಳಿಸುವ ಗುಂಡಿಯನ್ನೂ. ಎರಡೂ ಮಶೀನು ತಿರುಗಿದವು. ಆಮೇಲೆ ಸಾವಕಾರರ ಕಡೆ ತಿರುಗಿ, "ಈ ಕಂಪ್ಯೂಟರ್ ಮುಂದಿನ ಕುರ್ಚಿ ಮಲ್ಲಣ್ಣಂದ. ಬ್ಯಾರೆ ಯಾರನ್ನರೆ ಕುಂದ್ರಿಸಿದ್ರ ನನ್ನ ಕರಿಬ್ಯಾಡ್ರಿ" ಎಂದರು. ಕೈಲಾಗುವವರೆಗೂ ಆ ಕುರ್ಚಿ ನನ್ನದೇ ಆಗಿತ್ತು.

ಅಲ್ಲಿಂದ ಮುಂದೆ ಬಂದಾಗಲೆಲ್ಲ ಮೊದಲು ಇಪ್ಪತ್ತೇಳನ್ನು ಕರೆದು, ಕಾದು, "ಹಾಜರ್ ಇದ್ದಾನ ನಿನ್ನ ಹುಡುಗ" ಎನ್ನುತ್ತಿದ್ದರು. ಕಡೆಯ ಸಲ ಸಿಕ್ಕದ್ದು ವಾಡಿ ಸ್ಟೇಷನ್ನಿನಲ್ಲಿ, ದವಾಖಾನೆಗೆ ಹೊರಟಿದ್ದರು. ಗಾಡಿ ಬಿಡುವಾಗಲೂ ಕಿಟಕಿಯಿಂದ ಕೇಳಿದರು: "ಇಪ್ಪತ್ತೇಳು ಹೆಂಗ ಅದಾನ?" ನನ್ನ ಉತ್ತರ ಗಾಡಿಯ ಸದ್ದಿನಲ್ಲಿ ಹೋಯಿತು. ಅವರು ತಿರುಗಿ ಬರಲಿಲ್ಲ.

ಈ ಜೂನಿನಲ್ಲಿ ನನ್ನ ಮೊಮ್ಮಗಳು ಶಾಲೆಗೆ ಸೇರಿದಳು! ದಿನಾ ಸಂಜೆ ನನ್ನನ್ನು ಕುಂದರಿಸಿಕೊಂಡು ಹಾಜರಿ ಕರೆಯುತ್ತಾಳೆ. "ಇಪ್ಪತ್ತೇಳು" ಎಂದು ಕೂಗಿ, ನಾನು ಕಲಿಸಿದಂತೆ ತುಟಿಯ ಮೇಲೆ ಬೆರಳಿಟ್ಟು ಕಾಯುತ್ತಾಳೆ. ನಾನು ಬೇಕೆಂದೇ ತಡ ಮಾಡುತ್ತೇನೆ. ಆ ಬೆರಳನ್ನು ಇನ್ನಷ್ಟು ಹೊತ್ತು ನೋಡಬೇಕಲ್ಲ.